ನಿಕ್ಕಲ್ ತೊಟ್ಟಿಗೆ ಬಿದ್ದ ಕುಂಕುಮ

ಮೊನ್ನೆ ಸೀವುಡ್ಸ್‌ನಲ್ಲಿ ಮಗಳ ಮನೆಯ ಬಚ್ಚಲಿನ ನಲ್ಲಿ ನನ್ನ ಹೆಬ್ಬೆರಳನ್ನು ಸೀಳಿತು. ನಲ್ಲಿಯ ಹಿಡಿ ಬೆಳ್ಳಿಯ ಹಾಗೆ ಹೊಳೆಯುತ್ತದೆ, ಒಳಗೆ ಇರುವುದು ಪ್ಲಾಸ್ಟಿಕ್. ಮೇಲಿನ ಲೋಹದ ಪದರ ಒಂದು ಕಡೆ ಎದ್ದು ನಿಂತಿತ್ತು. ಈರುಳ್ಳಿ ಸಿಪ್ಪೆಗಿಂತ ತೆಳು, ಬ್ಲೇಡಿಗಿಂತ ಹರಿತ. ಬೇಸಿನ್ನಿನ ತುಂಬ ರಕ್ತವಾಯಿತು. ಮಗಳು ಸುಮನ ದೇವರ ಮುಂದಿನ ಬಟ್ಟಲಿನಿಂದ ಅರಿಶಿನ ತಂದು ಗಾಯಕ್ಕೆ ಒತ್ತಿದಳು.

"ಎಷ್ಟು ಸಲ ಹೇಳಿದ್ದೇನೆ ಅಮ್ಮ, ಪ್ಲಂಬರ್ ಬರುವ ತನಕ ಅದನ್ನು ಮುಟ್ಬೇಡ ಅಂತ."

"ಇದನ್ನು ಮಾಡಿದವನಿಗೆ ಹಲ್ಲು ಮೂಡಿಸ್ಲಿಕ್ಕೆ ಬರ್ಲಿಲ್ಲ. ಬರಿ ಹೊಳಪು" ಅಂದೆ.

ಮೊಮ್ಮಗಳು ಬಾಗಿಲಲ್ಲಿ ನಿಂತು ನಕ್ಕಳು. "ಅಜ್ಜೀ, ನಲ್ ಕೋ ಭೀ ದಾಂತ್ ಹೋತೇ ಹೈಂ ಕ್ಯಾ?"

ನಲ್ಲಿಗೂ ಹಲ್ಲು ಇರುತ್ತದೆ. ಅವಳಿಗೆ ಹೇಳುವಷ್ಟು ತಾಳ್ಮೆ ನನಗೆ ಇರಲಿಲ್ಲ. ಅರಿಶಿನ, ರಕ್ತ, ಹಸಿ ಲೋಹ, ಈ ಮೂರರ ವಾಸನೆ ಒಟ್ಟಿಗೆ ಮೂಗಿಗೆ ಹೊಡೆದಿತ್ತು. ಮೂರನ್ನೂ ಒಟ್ಟಿಗೆ ನಾನು ಈ ಮೊದಲು ಮೂಸಿದ್ದು ಒಂದೇ ದಿನ. ಠಾಣೆ ಊರಿನ ವಾಗ್ಳೆ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ, ನನ್ನ ಜೊತೆ ಕೆಲಸಕ್ಕಿದ್ದ ಬಸಪ್ಪನನ್ನು ಕಂಬಕ್ಕೆ ಕಟ್ಟಿ ಹೊಡೆದ ದಿನ.

ಆ ವರ್ಷ ನನಗೆ ಐವತ್ತು ದಾಟಿತ್ತು. ಗಂಡ ಸತ್ತು ಎರಡು ವರ್ಷವಾಗಿತ್ತು. ಅವನು ನೌಪಾಡಾದ ಹೋಟೆಲೊಂದರಲ್ಲಿ ಅಡಿಗೆ ಮಾಡುತ್ತಿದ್ದ, ಡೊಂಬಿವಲಿಯ ಚಾಳಿನ ಒಂಟಿ ಕೋಣೆಯ ಮನೆಗೆ ಬಂದು ನನಗೆ ಹೊಡೆಯುತ್ತಿದ್ದ. ಸತ್ತಾಗ ನಾನು ಅಳಲಿಲ್ಲ, ಚಾಳಿನ ಹೆಂಗಸರೇ ನನ್ನ ಪಾಲಿಗೂ ಅತ್ತರು. ಹೋಟೆಲಿನ ಮಾಲಕರು ಭಾಸ್ಕರಣ್ಣ, ನಮ್ಮ ಉಡುಪಿ ಕಡೆಯವರು. ಹೋಟೆಲಿನ ಜೊತೆಗೆ ವಾಗ್ಳೆ ಎಸ್ಟೇಟಿನಲ್ಲಿ ವಸ್ತುಗಳಿಗೆ ಲೋಹದ ಪದರ ಹತ್ತಿಸುವ ಒಂದು ಪ್ಲೇಟಿಂಗ್ ಶೆಡ್ಡು ನಡೆಸುತ್ತಿದ್ದರು. "ವನಜಕ್ಕ, ಜನ್ಮ ಇಡೀ ಪಾತ್ರೆ ತೊಳೆದ ಕೈ ನಿಮ್ಮದು. ಅಲ್ಲಿಯೂ ತೊಳೆಯುವುದೇ, ಬನ್ನಿ" ಎಂದು ಕರೆದರು. ಹೋದೆ.

ಆ ಗಲ್ಲಿಯ ಉಳಿದ ಶೆಡ್ಡುಗಳಲ್ಲಿ ಕಬ್ಬಿಣಕ್ಕೆ ಕರೆಂಟು ಕೊಟ್ಟು ನಿಕ್ಕಲ್ ಹತ್ತಿಸುತ್ತಿದ್ದರು. ಪ್ಲಾಸ್ಟಿಕ್ಕಿಗೂ ಪಿಂಗಾಣಿಗೂ ಕರೆಂಟು ಹಿಡಿಯುವುದಿಲ್ಲ. ನಮ್ಮಲ್ಲಿ ಬರಿಯ ಮದ್ದಿನ ನೀರಿನಿಂದಲೇ ಹತ್ತಿಸುವುದು. ಅದಕ್ಕೆ ಮೊದಲು ಆಸಿಡ್ಡಿನಲ್ಲಿ ಅದ್ದಿ ಮೈಯನ್ನು ತಿನ್ನಿಸಬೇಕು. ಕಣ್ಣಿಗೆ ಕಾಣದ ಸಾವಿರ ತೂತು ಬೀಳುತ್ತದೆ. ಹಲ್ಲು ಮೂಡಿಸುವುದು ಅಂದರೆ ಅದು. ನಯವಾದ ಮೈಯಲ್ಲಿ ಲೋಹ ನಿಲ್ಲುವುದಿಲ್ಲ, ಆ ತೂತುಗಳಲ್ಲಿ ಬೇರು ಬಿಟ್ಟರೆ ಮಾತ್ರ ನಿಲ್ಲುತ್ತದೆ. ಆಮೇಲೆ ತೊಳೆದು, ಪಲ್ಲಾಡಿಯಂ ಎನ್ನುವ ದುಬಾರಿ ಕಂದು ನೀರಿನಲ್ಲಿ ಅದ್ದಿ, ಮತ್ತೆ ತೊಳೆದು, ಕೊನೆಗೆ ನಿಕ್ಕಲ್ ತೊಟ್ಟಿಗೆ ಇಳಿಸುವುದು. ತೊಟ್ಟಿಯ ನೀರು ಎಲೆಹಸಿರು, ಇನ್ನೇನು ಕುದಿಯಬೇಕು ಅನ್ನುವಷ್ಟು ಬಿಸಿ. ಬಿಳಿ ಪಿಂಗಾಣಿಯ ಬಿಲ್ಲೆ ಒಳಗೆ ಹೋಗುತ್ತದೆ, ಉಕ್ಕಿನ ಬಿಲ್ಲೆಯಾಗಿ ಹೊರಗೆ ಬರುತ್ತದೆ. ಮೊದಲ ದಿನ ನೋಡಿ ನನಗೆ ಮೈ ಜುಮ್ಮೆಂದಿತು. ಒಂದು ವಾರದಲ್ಲಿ ಅದೂ ಅನ್ನ ಬಸಿಯುವ ಕೆಲಸದ ಹಾಗೆಯೇ ಆಯಿತು.

ನನ್ನ ಕೆಲಸ ತೊಳೆಯುವುದು ಮತ್ತು ನೋಡುವುದು. ತೊಳೆದ ತುಂಡನ್ನು ಓರೆಯಾಗಿ ಹಿಡಿದಾಗ ನೀರು ಒಂದೇ ಹಾಳೆಯ ಹಾಗೆ ನಿಂತರೆ ಸರಿ. ಹನಿಹನಿಯಾಗಿ ಒಡೆದರೆ ಎಲ್ಲೋ ಎಣ್ಣೆಯ ಪಸೆ ಇದೆ ಎಂದು ಅರ್ಥ. ಎಣ್ಣೆಗೈ ತಾಗಿದ ಜಾಗದಲ್ಲಿ ಲೋಹ ಕೂರುವುದಿಲ್ಲ, ಬೆರಳಿನ ಗುರುತು ಬೋಳಾಗಿ ಉಳಿಯುತ್ತದೆ. ಇದಕ್ಕಾಗಿ ಫೋರ್‌ಮನ್ ದಿಗಂಬರ ಬೆಳಿಗ್ಗೆ ಬಾಗಿಲಲ್ಲಿ ನಿಂತು ಹೆಂಗಸರ ತಲೆ ಮೂಸುತ್ತಿದ್ದ. ತೆಂಗಿನೆಣ್ಣೆಯ ವಾಸನೆ ಬಂದರೆ ಜಡೆ ಹಿಡಿದು ಜಗ್ಗಿ ನಲ್ಲಿಯ ಕೆಳಗೆ ಕೂರಿಸುತ್ತಿದ್ದ. ನನ್ನ ಜಡೆಯನ್ನೂ ಒಂದು ಸಲ ಜಗ್ಗಿದ. ಹುಟ್ಟಿದಾಗಿನಿಂದ ಎಣ್ಣೆ ಕುಡಿದ ಕೂದಲು ನನ್ನದು. ಆ ಸಂಜೆಯೇ ಕತ್ತರಿ ತಗೊಂಡು ಕುತ್ತಿಗೆಯ ತನಕ ಕತ್ತರಿಸಿ ಹಾಕಿದೆ. ಮರುದಿನ ಅವನ ಮುಂದೆ ತಲೆ ಬಗ್ಗಿಸಿ "ಅಬ್ ಪಕಡ್", ಈಗ ಹಿಡಿ ನೋಡುವ, ಅಂದೆ. ಅವನು ನಗಲಿಲ್ಲ. ಆವತ್ತಿನಿಂದ ನಾನು ಅವನ ಲೆಕ್ಕದಲ್ಲಿ ಕೆಟ್ಟ ಹೆಂಗಸು.

ನಿಕ್ಕಲ್ ತೊಟ್ಟಿ ಎರಡಿದ್ದವು. ಮುಂದೆ ದೊಡ್ಡದು, ಗೋಡೆಯ ಮೂಲೆಯಲ್ಲಿ ಚಿಕ್ಕದು. ಎರಡನ್ನೂ ನೋಡಿಕೊಳ್ಳುತ್ತಿದ್ದವನು ಬಸಪ್ಪ. ವಿಜಯಪುರದ ಕಡೆಯವನು, ನಲವತ್ತರ ಹತ್ತಿರ, ಹೆಂಡತಿ ಮಕ್ಕಳ ಜೊತೆ ಕಲ್ಯಾಣದಲ್ಲಿ ಇದ್ದ. ಆಸಿಡ್ಡು ತಿಂದು ಅವನ ಬೆರಳುಗಳ ಸಂದಿಯಲ್ಲಿ ಯಾವಾಗಲೂ ಹುಣ್ಣು. ಆ ನೀರಿನ ಗುಣ ಅವನಿಗೆ ಗೊತ್ತಿದ್ದಷ್ಟು ಮಾಲಕರಿಗೂ ಗೊತ್ತಿರಲಿಲ್ಲ. ಅದರೊಳಗಿನ ನಿಕ್ಕಲ್ ಯಾವುದರ ಮೇಲಾದರೂ ಕೂರಲು ಕಾಯುತ್ತಿರುತ್ತದೆ. ಒಂದು ನೊಣ, ಒಂದು ಚಿಟಿಕೆ ಧೂಳು ಬಿದ್ದರೆ ಸಾಕು, ಆ ಕಣದ ಮೇಲೆ ಕೂರುತ್ತದೆ, ಆ ಕಣ ಹತ್ತು ಕಣವಾಗುತ್ತದೆ, ಹತ್ತು ಸಾವಿರವಾಗುತ್ತದೆ. ನೋಡನೋಡುತ್ತ ತೊಟ್ಟಿ ಇಡೀ ಕೆರಳಿ, ಕಪ್ಪಾಗಿ, ನೊರೆ ಕಾರಿ ಸಾಯುತ್ತದೆ. ತೊಟ್ಟಿ ಒಡೆಯಿತು ಅನ್ನುತ್ತಿದ್ದರು. ಒಡೆದ ತೊಟ್ಟಿಯ ನೀರು ಗಟಾರಕ್ಕೂ ಬೇಡ.

ಹಾಗಾಗಿ ಬಸಪ್ಪ ಎದ್ದರೂ ಕೂತರೂ ಅದಕ್ಕೆ ಮುಚ್ಚಳ. ಯಾರಾದರೂ ಹತ್ತಿರ ಸೀನಿದರೆ ಬೊಬ್ಬೆ. "ಅಕ್ಕಾರ, ಅತ್ತಾಗ ಹೋಗಿ ಸೀನ್ರಿ! ನನ್ನ ಗಂಗವ್ವನ ಮ್ಯಾಲೆ ಸೀನಬ್ಯಾಡ್ರಿ!" ದೊಡ್ಡ ತೊಟ್ಟಿಗೆ ಅವನು ಇಟ್ಟ ಹೆಸರು ಗಂಗವ್ವ.

"ನಿನ್ನ ಗಂಗವ್ವನಿಗೆ ನೆಗಡಿ ಆಗ್ತದಾ ಮಾರಾಯ?" ಎಂದು ನಾನು ಕೇಳುತ್ತಿದ್ದೆ.

"ನೆಗಡಿ ಆದ್ರ ಚಲೋ ಇತ್ರಿ. ಆಕಿ ಒಮ್ಮಿಗೆ ಹೆಣಾನ ಆಗ್ತಾಳ."

ಆ ವರ್ಷದ ಮಳೆ ಮನುಷ್ಯರನ್ನು ನಾಯಿ ಮಾಡಿತು. ಹಳಿಯ ಮೇಲೆ ನೀರು ನಿಂತು ಲೋಕಲ್‌ಗಳು ದಾರಿಯಲ್ಲೇ ನಿಲ್ಲುತ್ತಿದ್ದವು. ಡೊಂಬಿವಲಿಯಿಂದ ಠಾಣೆಗೆ ಹೆಂಗಸರ ಡಬ್ಬಿಯಲ್ಲಿ ಒದ್ದೆ ಸೀರೆ, ಒದ್ದೆ ಕೊಡೆ, ಬೆವರು. ಒಂದು ಬೆಳಿಗ್ಗೆ ಇಬ್ಬರು ಮೂವರ ಬೆಂಚಿನ ತುದಿಯ ನಾಲ್ಕನೇ ಸೀಟಿಗೆ ಜಗಳವಾಡಿ, ಒಬ್ಬಳು ಇನ್ನೊಬ್ಬಳ ತೋಳಿಗೆ ಪಿನ್ನು ಚುಚ್ಚಿದಳು. ಚುಚ್ಚಿಸಿಕೊಂಡವಳು ಇವಳ ಮಣಿಕಟ್ಟು ಕಚ್ಚಿ ಹಿಡಿದಳು. ಮುಂಬ್ರಾ ಬರುವ ತನಕ ಬಿಡಲಿಲ್ಲ. ನಾಲ್ಕು ಜನ ಕೂದಲು ಎಳೆದರೂ ಬಿಡಲಿಲ್ಲ. ನಾನು ಪಕ್ಕದಲ್ಲಿ ನಿಂತು ನೋಡಿದೆ. ಕಚ್ಚುವುದಾದರೆ ಹಾಗೆ ಕಚ್ಚಬೇಕು ಎಂದು ಆವತ್ತು ಕಲಿತೆ.

ಶೆಡ್ಡಿನಲ್ಲಿ ತಗಡಿನ ಮಾಡು ಸೋರುತ್ತಿತ್ತು. ಸೋರುತ್ತಿದ್ದದ್ದು ಸರಿಯಾಗಿ ದೊಡ್ಡ ತೊಟ್ಟಿಯ ಮೇಲೆ. ಬಸಪ್ಪ ಎರಡು ಬಿದಿರಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ ಅದರ ಮೇಲೆ ಹಿಡಿದು ನಿಲ್ಲುತ್ತಿದ್ದ. ಗಾಳಿ ಬೀಸಿದರೆ ಬಿದಿರು ಅವನ ತಲೆಗೇ ಬಡಿಯುತ್ತಿತ್ತು. ಹಾಗೆ ನಿಂತಿದ್ದ ಒಂದು ಮಧ್ಯಾಹ್ನ ದಿಗಂಬರ ಬೀಡಿ ಹಚ್ಚಿಕೊಂಡು ತೊಟ್ಟಿಯ ಪಕ್ಕ ಬಂದ.

"ಸಾಹೇಬ್ರ, ಬೂದಿ ಬೀಳ್ತದ. ಅತ್ತಾಗ ಸೇದ್ರಿ" ಎಂದ ಬಸಪ್ಪ. ಕನ್ನಡ ಅರ್ಥವಾಗದಿದ್ದರೂ ಅತ್ತ ಗದ್ದ ಎತ್ತಿದ್ದು ಅರ್ಥವಾಯಿತು. ಎಲ್ಲರ ಎದುರು ಕೆಲಸದವನೊಬ್ಬ ಫೋರ್‌ಮನ್ನನಿಗೆ ದೂರ ಹೋಗು ಎಂದು ಗದ್ದದಲ್ಲಿ ಸನ್ನೆ ಮಾಡಿದ್ದು. ದಿಗಂಬರ ಬೀಡಿಯನ್ನು ಬಸಪ್ಪನ ಮುಂಗೈಗೆ ಒತ್ತಿ ಆರಿಸಿದ. ಬಸಪ್ಪನ ಎರಡೂ ಕೈಯಲ್ಲಿ ಬಿದಿರು. ಬಿಟ್ಟರೆ ಹಾಳೆಯಲ್ಲಿ ನಿಂತ ಕೊಳಕು ನೀರೆಲ್ಲ ತೊಟ್ಟಿಗೆ. ಅವನು ಬಿಡಲಿಲ್ಲ. ಹಲ್ಲು ಕಚ್ಚಿದ ಸದ್ದು ನನಗೆ ಕೇಳಿಸಿತು. ಸುಟ್ಟ ಚರ್ಮದ ವಾಸನೆಯೂ ಬಂತು.

ಆಮೇಲೆ ನಾನು ಅವನಿಗೆ ಬೈದೆ. "ಕತ್ತೆ, ತೊಟ್ಟಿ ನಿನ್ನ ಅಪ್ಪನ ಮನೆಯದ್ದಾ?"

"ಅಪ್ಪನ ಮನೀದಲ್ರಿ. ಆದ್ರ ನನ್ನ ಕೈಯಾಗ ಅದಲ್ರಿ" ಅಂದ.

ಮಳೆ ಮುಗಿಯುವ ಹೊತ್ತಿಗೆ ಪಿಂಗಾಣಿ ಬಿಲ್ಲೆಯ ದೊಡ್ಡ ಆರ್ಡರು ಹಿಂದೆ ಬಿದ್ದಿತ್ತು. ನವರಾತ್ರಿ ಬಂತು. ಆಯುಧ ಪೂಜೆಯ ದಿನ ನಮ್ಮ ಶೆಡ್ಡಿನಲ್ಲಿ ಕೆಲಸ ಇಲ್ಲ. ಹಿಂದಿನ ಸಂಜೆಯೇ ತೊಟ್ಟಿ ತಣಿಸಿ, ಮುಚ್ಚಳ ಬಿಗಿದು, ನೆಲ ತೊಳೆದು ಹೋಗುವುದು, ಮರುದಿನ ಮಾಲಕರ ತಾಯಿ ನೌಪಾಡಾದಿಂದ ಕಾರಿನಲ್ಲಿ ಬಂದು ಪೂಜೆ ಮಾಡುವುದು. ಅವರನ್ನು ಎಲ್ಲರೂ ದೊಡ್ಡಮ್ಮ ಅನ್ನುತ್ತಿದ್ದರು. ಎಂಬತ್ತರ ಮುದುಕಿ, ನೆಟ್ಟಗೆ ನಡೆಯುತ್ತಿದ್ದರು, ಮಾತು ಚಾಟಿ. ಆ ವರ್ಷ ಭಾಸ್ಕರಣ್ಣ ಬೇರೆ ಹೇಳಿದರು: ಸಂಜೆ ಟೆಂಪೊ ಬರುತ್ತದೆ, ತೊಟ್ಟಿ ಬಿಸಿಯಾಗಿಯೇ ಇರಲಿ, ಪೂಜೆ ಮುಗಿದ ಕೂಡಲೇ ಮಾಲು ಇಳಿಸಿ.

ನನಗೆ ಕೊಟ್ಟ ಕೆಲಸ ಹರಿವಾಣ ಹಿಡಿಯುವುದು. ಹರಿವಾಣದಲ್ಲಿ ಅರಿಶಿನ, ಕುಂಕುಮ, ಅಕ್ಷತೆ, ಚೆಂಡು ಹೂ. ವಿಧವೆ ಹಿಡಿಯಬಹುದಾ ಎಂದು ಯಾರೋ ಗೊಣಗಿದರು. "ಹಿಡಿಯುವುದಕ್ಕೆ ಕೈ ಇದ್ದರೆ ಸಾಕು" ಎಂದರು ದೊಡ್ಡಮ್ಮ. ಅವರು ಹಾಗೆ ಅಂದದ್ದು ನನಗೆ ಇಷ್ಟವಾಯಿತು, ಅದನ್ನೂ ಹೇಳಬೇಕು. ತಕ್ಕಡಿಗೆ, ಪಂಪಿಗೆ, ತೊಳೆಯುವ ತೊಟ್ಟಿಗಳಿಗೆ ಒಂದೊಂದಾಗಿ ಕುಂಕುಮ ಹಚ್ಚುತ್ತ ಬಂದೆವು. ದೊಡ್ಡ ತೊಟ್ಟಿಯ ಹತ್ತಿರ ಅವರು ನಿಂತರು.

"ಇದಕ್ಕೆ ಎಂತ ಮುಚ್ಚಳ? ದೇವರಿಗೆ ತೊಟ್ಟಿ ಕಾಣುವುದು ಬೇಡವಾ?"

ಬಸಪ್ಪ ಮುಚ್ಚಳದ ಮೇಲೆ ಕೈ ಇಟ್ಟುಕೊಂಡು ನಿಂತಿದ್ದ. "ಅಮ್ಮಾರ, ಮುಚ್ಚಳಕ್ಕಽ ಹಚ್ಚಿಬಿಡ್ರಿ" ಎಂದ.

ದಿಗಂಬರ ಅವನನ್ನು ಮೊಣಕೈಯಿಂದ ಪಕ್ಕಕ್ಕೆ ನೂಕಿ, ಮಾಲಕರ ಮುಖ ನೋಡುತ್ತ, ತಾನೇ ಮುಚ್ಚಳ ಎತ್ತಿದ. ಆವಿ ಎದ್ದಿತು. ದೊಡ್ಡಮ್ಮ ಅಂಚಿಗೆ ಬೆರಳು ತಂದರು, ಬಿಸಿಗೆ ಹಿಂದಕ್ಕೆ ಎಳೆದುಕೊಂಡರು. ಹಚ್ಚಲು ಆಗಲಿಲ್ಲ. ಹರಿವಾಣದಿಂದ ಒಂದು ಚಿಟಿಕೆ ಕುಂಕುಮ, ನಾಲ್ಕು ಅಕ್ಷತೆ ತೆಗೆದು ದೂರದಿಂದಲೇ ನೀರಿಗೆ ಎಸೆದು ಕೈ ಮುಗಿದರು.

ಹಸಿರು ನೀರಿನ ಮೇಲೆ ಕುಂಕುಮ ಕೆಂಪಗೆ ಹರಡಿ ಮುಳುಗಿತು. ಹರಿವಾಣ ನನ್ನ ಕೈಯಲ್ಲಿತ್ತು. ಒಂದು ನೊಣ ಬಿದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು. ಅವರು ಕುಂಕುಮ ತೆಗೆಯುವಾಗ ಹರಿವಾಣವನ್ನು ಒಂದು ಗೇಣು ಹಿಂದಕ್ಕೆ ಎಳೆದುಕೊಂಡಿದ್ದರೂ ಆಗುತ್ತಿತ್ತು. ಎಳೆದುಕೊಳ್ಳಲಿಲ್ಲ. ಚಿಕ್ಕ ತೊಟ್ಟಿಯ ಮುಂದೆ ಹೂ ರಾಶಿ ಇಟ್ಟಿದ್ದರಿಂದ ಅದರ ಮುಚ್ಚಳ ತೆಗೆಯಲಿಲ್ಲ. ಆರತಿಯಾಯಿತು, ತೆಂಗಿನಕಾಯಿ ಒಡೆಯಿತು. ಭಾಸ್ಕರಣ್ಣ ತಾಯಿಯನ್ನು ಮುಂದಿನ ಆಫೀಸಿಗೆ ಕಾಫಿಗೆ ಕರೆದುಕೊಂಡು ಹೋದರು. ನಾವು ಹಿಂದೆ ಕೂತು ಅವಲಕ್ಕಿ ತಿಂದೆವು.

ಅರ್ಧ ಗಂಟೆಯೂ ಆಗಲಿಲ್ಲ. ಬಸಪ್ಪ ಮೊದಲ ಸಾಲಿನ ಬಿಲ್ಲೆಗಳನ್ನು ಇಳಿಸಲು ಹೋದವನು ಕೂಗಿಕೊಂಡ. ತೊಟ್ಟಿಯ ತಳದಿಂದ ಗುಳ್ಳೆ ಏಳುತ್ತಿತ್ತು. ಮೊದಲು ದಾರದ ಹಾಗೆ, ಆಮೇಲೆ ಗಂಜಿ ಉಕ್ಕಿದ ಹಾಗೆ. ತಳ ಕಪ್ಪಾಯಿತು, ಕಪ್ಪು ಮೇಲಕ್ಕೆ ಹತ್ತಿತು. ಗೋಡೆಯ ಮೇಲೆಲ್ಲ ಬೂದುಬಣ್ಣದ ತೊಗಟೆ ಕಟ್ಟಿತು. ನೊರೆ ಅಂಚು ದಾಟಿ ನೆಲಕ್ಕೆ ಬಿತ್ತು. ಬಸಪ್ಪ ಬಕೆಟಿನಲ್ಲಿ ತಣ್ಣೀರು ತಂದು ತಂದು ಸುರಿದ. ಮುಖಕ್ಕೆ ಕುದಿನೀರು ಸಿಡಿಯುತ್ತಿದ್ದರೂ ಸುರಿದ. ಗಂಗವ್ವ ಹೆಣವಾದಳು.

ದಿಗಂಬರ ಓಡಿ ಬಂದ. ತೊಟ್ಟಿ ನೋಡಿದ, ತಾನು ಎತ್ತಿಟ್ಟ ಮುಚ್ಚಳ ನೋಡಿದ. ಅವನ ತಲೆಯಲ್ಲಿ ಏನು ಓಡಿತು ಎಂದು ನನಗೆ ಗೊತ್ತಾಯಿತು. ಮರುಕ್ಷಣ ಬಿಲ್ಲೆ ನೇತುಹಾಕುವ ಉಕ್ಕಿನ ಸಲಾಕೆ ಎತ್ತಿ ಬಸಪ್ಪನ ಕಿವಿಯ ಮೇಲೆ ಬೀಸಿದ. "ಹರಾಮಖೋರ್! ಬದಲಾ ಲಿಯಾ ತೂನೇ!" ಸೇಡು ತೀರಿಸಿಕೊಂಡೆ ಎಂದು ಅವನ ಕೂಗು.

ಬಸಪ್ಪ ಬಿದ್ದ. ಇನ್ನಿಬ್ಬರನ್ನು ಕರೆದು ಅವನನ್ನು ಕಂಬಕ್ಕೆ ನಿಲ್ಲಿಸಿ, ತಾಮ್ರದ ತಂತಿಯಿಂದ ಕಟ್ಟಿಸಿದ. ಕಟ್ಟಿದವರಿಬ್ಬರೂ ಐದು ನಿಮಿಷದ ಹಿಂದೆ ಅವನ ಪಕ್ಕ ಕೂತು ಅವಲಕ್ಕಿ ತಿಂದವರು. ಆ ಸಲಾಕೆಗೆ ಎರಡೂ ಕಡೆ ಕೊಕ್ಕೆಗಳಿರುತ್ತವೆ. ಹೊಡೆದಾಗ ಬರೆ ಬೀಳುವುದಿಲ್ಲ, ಮಾಂಸ ಕಿತ್ತು ಬರುತ್ತದೆ. ನಾನು ಗಂಡನ ಕೈಯಲ್ಲಿ ಇಪ್ಪತ್ತೆಂಟು ವರ್ಷ ಪೆಟ್ಟು ತಿಂದವಳು, ಹೊಡೆತದ ಸದ್ದು ನನಗೆ ಹೊಸದಲ್ಲ. ಈ ಸದ್ದು ಬೇರೆ. ಒದ್ದೆ ಬಟ್ಟೆ ಹರಿದ ಹಾಗೆ.

ಗಲಾಟೆ ಕೇಳಿ ಭಾಸ್ಕರಣ್ಣ ಬಂದರು. ದಿಗಂಬರ ಹೇಳಿದ: ಬೀಡಿಯ ಸಿಟ್ಟಿಗೆ ಇವನು ಪಲ್ಲಾಡಿಯಂ ನೀರನ್ನು ನಿಕ್ಕಲ್ ತೊಟ್ಟಿಗೆ ಸುರಿದಿದ್ದಾನೆ. ಹಾಗೆ ಸುರಿದರೆ ತೊಟ್ಟಿ ಒಡೆಯುವುದು ನಿಜ, ಅದು ಮಾಲಕರಿಗೂ ಗೊತ್ತಿತ್ತು. ಆದ್ದರಿಂದ ಸುಳ್ಳು ಸರಿಯಾಗಿ ಕೂತಿತು.

"ಹೌದಾ ಬಸಪ್ಪ?"

"ಇಲ್ರಿ. ನಾ ಏನೂ ಮಾಡಿಲ್ರಿ."

"ಹಾಗಾದರೆ ಹೇಗೆ ಒಡೆಯಿತು?"

"ಗೊತ್ತಿಲ್ರಿ."

ಭಾಸ್ಕರಣ್ಣ ಕಾಲಿನ ಚಪ್ಪಲಿ ತೆಗೆದು ಅವನ ಬಾಯಿಗೆ ಹೊಡೆದರು. ಎರಡು ಸಲ. ಹೋಟೆಲಿನಲ್ಲಿ ಗಿರಾಕಿಗಳಿಗೆ ಕೈ ಮುಗಿಯುವ ಮನುಷ್ಯ. "ಪೂಜೆಯ ದಿನ! ನನ್ನ ಅಮ್ಮ ಪೂಜೆ ಮಾಡಿದ ತೊಟ್ಟಿ!" ಎಂದು ಕೂಗಿದರು. ಬಸಪ್ಪನ ಮುಂದಿನ ಹಲ್ಲೊಂದು ಬಿದ್ದು ನನ್ನ ಕಾಲಿನ ಹತ್ತಿರ ಉರುಳಿತು. ಮಾಲಕರು ಫೋನು ತೆಗೆದು ಪೊಲೀಸರಿಗೆ ಹೇಳುತ್ತೇನೆ ಅಂದರು. ದಿಗಂಬರ ಸಲಾಕೆ ಮತ್ತೆ ಎತ್ತಿದ, ಈ ಸಲ ಮೊಣಕಾಲಿಗೆ. ಬಸಪ್ಪ ಕೂಗುವುದನ್ನು ನಿಲ್ಲಿಸಿದ್ದ. ಕತ್ತು ಜೋಲುತ್ತಿತ್ತು. ಇನ್ನು ನಾಲ್ಕು ಬಿದ್ದರೆ ಅವನು ಪೊಲೀಸರ ತನಕ ಉಳಿಯುವುದಿಲ್ಲ ಅನ್ನಿಸಿತು.

"ಅವನಲ್ಲ" ಅಂದೆ. "ಕುಂಕುಮ ಬಿದ್ದು ಒಡೆದದ್ದು."

"ಎಂತ ಕುಂಕುಮ?"

"ದೊಡ್ಡಮ್ಮ ಹಾಕಿದ ಕುಂಕುಮ. ಹರಿವಾಣ ಹಿಡಿದವಳು ನಾನು. ಮುಚ್ಚಳ ತೆಗೆದವ ಈ ದಿಗಂಬರ. ಬಿಸಿ ತೊಟ್ಟಿಗೆ ಪುಡಿ ಬಿದ್ದರೆ ಒಡೆಯುವುದಿಲ್ವಾ ಭಾಸ್ಕರಣ್ಣ? ನೀವೇ ಹೇಳಿ."

ಭಾಸ್ಕರಣ್ಣನ ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. "ನನ್ನ ಅಮ್ಮನ ಕೈಯಿಂದ ಬಿದ್ದ ಕುಂಕುಮಕ್ಕೆ ತೊಟ್ಟಿ ಒಡೆಯಿತಾ? ಈ ಮಾತು ಆಡುವ ನಾಲಿಗೆಯಾ ಇದು? ನಿನಗೆ ಅನ್ನ ಕೊಟ್ಟವ ನಾನು!"

"ಅನ್ನ ಬೇರೆ, ತೊಟ್ಟಿ ಬೇರೆ. ನಂಬಿಕೆ ಇಲ್ಲದಿದ್ದರೆ ತೋರಿಸ್ತೇನೆ."

ಮೂಲೆಯ ಚಿಕ್ಕ ತೊಟ್ಟಿಯ ಮುಚ್ಚಳವನ್ನು ಬದಿಯಿಂದ ಒಂದಿಷ್ಟು ಎತ್ತಿ ಒಂದು ಸ್ಟೀಲ್ ಮಗ್ಗಿನಲ್ಲಿ ಹಸಿರು ನೀರು ತುಂಬಿದೆ. ಒಂದು ಮಗ್ಗು ಹೋದರೆ ಯಾರಿಗೂ ನಷ್ಟ ಇರಲಿಲ್ಲ. ಹರಿವಾಣ ಪಂಪಿನ ಮೇಲೆಯೇ ಇತ್ತು. ಮಗ್ಗನ್ನು ನೆಲಕ್ಕೆ ಇಟ್ಟು ಕುಂಕುಮಕ್ಕೆ ಕೈ ಚಾಚುವಷ್ಟರಲ್ಲಿ ದಿಗಂಬರ ಮಗ್ಗನ್ನು ಒದ್ದ. ಕುದಿನೀರು ನನ್ನ ಬಲಗಾಲಿನ ಮೇಲೆ ಬಿತ್ತು. "ಬುಡ್ಢೀ, ಗಪ್ ಬೈಠ್! ನಾಟಕ್ ನಹೀಂ ಚಾಹಿಯೇ!" ಪಾದದ ಚರ್ಮ ಹಾಲಿನ ಕೆನೆಯ ಹಾಗೆ ಸುಕ್ಕಾಯಿತು. ಇವತ್ತಿಗೂ ಅಲ್ಲಿ ಕೂದಲಿಲ್ಲ, ಮಿರಮಿರ ಮಿಂಚುತ್ತದೆ.

ಮಗ್ಗಿನಲ್ಲಿ ತೋರಿಸಲು ಬಿಟ್ಟಿದ್ದರೆ ಮಗ್ಗಿನಲ್ಲೇ ಮುಗಿಯುತ್ತಿತ್ತು.

ಕಾಲು ಎಳೆದುಕೊಂಡು ಮೂಲೆಗೆ ಹೋದೆ. ಚಿಕ್ಕ ತೊಟ್ಟಿಯ ಮುಂದಿನ ಹೂವನ್ನು ಒದ್ದು ಸರಿಸಿದೆ. ಮುಚ್ಚಳ ಎಳೆದು ನೆಲಕ್ಕೆ ಬೀಳಿಸಿದೆ. ಹರಿವಾಣ ಕವುಚಿದೆ. ಕುಂಕುಮ, ಅರಿಶಿನ, ಅಕ್ಷತೆ, ಎಲ್ಲ.

"ಏ! ಏ! ಹಿಡಿಯಿರಿ ಅವಳನ್ನು!" ಭಾಸ್ಕರಣ್ಣ ಕೂಗಿದರು.

ದಿಗಂಬರನ ಸಲಾಕೆ ನನ್ನ ಬೆನ್ನಿಗೆ ಬಿತ್ತು. ಎರಡನೆಯದು ಭುಜಕ್ಕೆ, ಕೊಕ್ಕೆ ರವಿಕೆ ಸೇರಿಸಿ ಮಾಂಸಕ್ಕೆ ಸಿಕ್ಕಿಕೊಂಡಿತು. ಅವನು ಅದನ್ನು ಬಿಡಿಸಿಕೊಳ್ಳಲು ಎಳೆದಾಗ ನಾನೂ ಎಳೆದುಕೊಂಡು ಹೋದೆ, ಅವನ ಮಣಿಕಟ್ಟು ನನ್ನ ಬಾಯಿಯ ಹತ್ತಿರ ಬಂತು. ಕಚ್ಚಿದೆ. ರೈಲಿನ ಹೆಂಗಸಿನ ಹಾಗೆ ಕಚ್ಚಿದೆ. ಅವನು ಇನ್ನೊಂದು ಕೈಯಿಂದ ನನ್ನ ತಲೆಗೆ ಗುದ್ದಿದ, ಕೂದಲು ಹಿಡಿಯಲು ನೋಡಿದ, ಹಿಡಿಯಲು ಕೂದಲು ಇರಲಿಲ್ಲ. ಹಲ್ಲಿಗೆ ಎಲುಬು ಸಿಕ್ಕಿತು. ಅವನು ಹೆಂಗಸಿನ ಹಾಗೆ ಕಿರುಚಿದ. ಇಲ್ಲ, ತಪ್ಪು. ಹೆಂಗಸರು ಹಾಗೆ ಕಿರುಚುವುದನ್ನು ನಾನು ಕೇಳಿಲ್ಲ.

ಅಷ್ಟರಲ್ಲಿ ನಮ್ಮ ಹಿಂದೆ ತೊಟ್ಟಿ ಮಾತಾಡತೊಡಗಿತು. ಬುಸ್ ಬುಸ್ ಎಂಬ ಸದ್ದು. ಎಲ್ಲರೂ ಅತ್ತ ತಿರುಗಿದರು. ನಾನೂ ಬಾಯಿ ಬಿಟ್ಟೆ. ತಳದಿಂದ ಗುಳ್ಳೆ, ಗುಳ್ಳೆಯ ಹಿಂದೆ ಕಪ್ಪು. ಹಸಿರು ನೀರು ಕಣ್ಣೆದುರೇ ಶಾಯಿಯಾಯಿತು. ನೊರೆ ಉಕ್ಕಿ ಅಂಚು ದಾಟಿ, ಚೆಂಡು ಹೂಗಳನ್ನು ತೇಲಿಸಿಕೊಂಡು ನೆಲದ ಮೇಲೆ ಹರಿದು ಬಂತು. ದಿಗಂಬರ ಬರಿಗಾಲಿನಲ್ಲಿ ಅದರ ಮಧ್ಯೆ ನಿಂತಿದ್ದ, ಪೂಜೆಗೆಂದು ಬೂಟು ಬಿಚ್ಚಿದ್ದ. ಕುಣಿದ. ಯಾರೂ ಅವನ ಕೈ ಹಿಡಿದು ಆಚೆ ಎಳೆಯಲಿಲ್ಲ. ಕಂಬಕ್ಕೆ ಕಟ್ಟಿದ ಬಸಪ್ಪ ಕತ್ತು ಎತ್ತಿ ನೋಡುತ್ತಿದ್ದ.

ಬಾಗಿಲಲ್ಲಿ ದೊಡ್ಡಮ್ಮ ನಿಂತಿದ್ದರು. ಯಾವಾಗ ಬಂದರೋ. ತೊಟ್ಟಿ ನೋಡಿದರು, ಕವುಚಿ ಬಿದ್ದ ಹರಿವಾಣ ನೋಡಿದರು. ಆಮೇಲೆ ತಮ್ಮ ಬಲಗೈ ಬೆರಳು ನೋಡಿಕೊಂಡರು. ಅದರಲ್ಲಿ ಕುಂಕುಮ ಇನ್ನೂ ಇತ್ತು. ಸೆರಗಿಗೆ ಒರಸಿಕೊಂಡು ಕಾರಿನ ಕಡೆಗೆ ಹೋದರು.

ಭಾಸ್ಕರಣ್ಣ ತಾಯಿಯ ಬೆನ್ನು ಮರೆಯಾಗುವ ತನಕ ನೋಡಿದರು. "ಬಿಚ್ಚು ಅವನನ್ನು" ಎಂದರು, ಯಾರಿಗೆ ಅಂತಲೂ ಇಲ್ಲ. ನನ್ನ ಕಡೆ ತಿರುಗಿ, "ವನಜಕ್ಕ, ನಾಳೆಯಿಂದ ನೀವಿಬ್ಬರೂ ಬರ್ಬೇಡಿ" ಅಂದರು. ಬಹುವಚನ ವಾಪಸು ಬಂದಿತ್ತು. ಪೊಲೀಸರ ಮಾತು ಆಮೇಲೆ ಯಾರೂ ಎತ್ತಲಿಲ್ಲ, ಅವರಿಗೂ ಬೇಡ, ನಮಗೂ ಬೇಡ. ತಂತಿಯನ್ನು ನಾನೇ ಬಿಚ್ಚಿದೆ. ಕಟ್ಟಿದ ಇಬ್ಬರೂ ಕಾಣಿಸಲಿಲ್ಲ.

ಬಸಪ್ಪನ ಎಡಗಿವಿ ಮತ್ತೆ ಕೇಳಿಸಲಿಲ್ಲ. ಮೊಣಕಾಲು ಮಡಚಲು ಬಾರದ್ದರಿಂದ ತೊಟ್ಟಿಯ ಕೆಲಸ ಅವನಿಂದ ಆಗಲಿಲ್ಲ, ಕಲ್ಯಾಣದಲ್ಲಿ ಒಂದು ಸೊಸೈಟಿಯ ಗೇಟಿನಲ್ಲಿ ವಾಚ್‌ಮನ್ ಆದ. ನಾನು ಡೊಂಬಿವಲಿಯ ಕ್ಯಾಂಟೀನೊಂದರಲ್ಲಿ ಮತ್ತೆ ಪಾತ್ರೆಗೆ ಕೂತೆ. ಕೂದಲನ್ನು ಮತ್ತೆ ಬೆಳೆಸಿದೆ. ಆ ಶೆಡ್ಡು ಈಗ ಇಲ್ಲ. ಅಲ್ಲಿ ಗಾಜಿನ ಆಫೀಸು ಇದೆ ಎಂದು ಸುಮನ ಹೇಳಿದಳು. ನಾನು ನೋಡಲು ಹೋಗಿಲ್ಲ, ಹೋಗುವ ಮನಸ್ಸೂ ಇಲ್ಲ.

ಆಸ್ಪತ್ರೆಗೆ ಆಟೋದಲ್ಲಿ ಹೋಗುವಾಗ ನಡೆದದ್ದು ಮಾತ್ರ ಇನ್ನೂ ಬಾಕಿ ಇದೆ. ಬಸಪ್ಪನ ತಲೆ ನನ್ನ ತೊಡೆಯ ಮೇಲಿತ್ತು. ನನ್ನ ಸೀರೆಯ ತುಂಬ ಅರಿಶಿನ, ಅವನ ರಕ್ತ, ನನ್ನ ರಕ್ತ, ತೊಟ್ಟಿಯ ಕಪ್ಪು. ದಾರಿಯಲ್ಲಿ ಎಲ್ಲ ಗಾಡಿಗಳಿಗೂ ಹೂವಿನ ಹಾರ ಹಾಕಿದ್ದರು. ನಮ್ಮ ಆಟೋಕ್ಕೂ ಹಾಕಿದ್ದರು, ಚಾಲಕ ಮಾತ್ರ "ಸೀಟ್ ಖರಾಬ್ ಮತ್ ಕರನಾ ಮಾಜೀ" ಎಂದು ತಿರುಗಿ ತಿರುಗಿ ನೋಡುತ್ತಿದ್ದ.

ಬಸಪ್ಪ ಏನೋ ಅಂದ. ಬಾಯಿ ಊದಿದ್ದರಿಂದ ಮೊದಲು ತಿಳಿಯಲಿಲ್ಲ, ಬಗ್ಗಿದೆ.

"ನಾನೂ ನೋಡಿದ್ನಿರಿ. ಕುಂಕುಮ ಬಿದ್ದಿದ್ದು."

"ಎಂತ?"

"ನೋಡಿದ್ನಿ. ಬಿದ್ದ ಕೂಡಲೇ ನೋಡಿದ್ನಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವನ ನೆಟ್ಟಗಿದ್ದ ಭುಜಕ್ಕೆ ಒಂದು ಹೊಡೆದೆ. "ಮತ್ತೆ ಬಾಯಿ ಬಿಟ್ಟು ಹೇಳ್ಬೇಕಿತ್ತಲ್ಲ, ಕತ್ತೆ! ಕಿವಿ ಹೋಯ್ತು, ಹಲ್ಲು ಹೋಯ್ತು, ಗೊತ್ತಿಲ್ರಿ ಗೊತ್ತಿಲ್ರಿ ಅಂತ ನಿಂತಿದ್ದಿಯಲ್ಲ ಕಂಬದ ಹಾಗೆ!"

"ಮಾಲಕರ ಅವ್ವನ ಕೈ ಕೆಟ್ಟದ್ದು ಅಂತ ನಾ ಹ್ಯಾಂಗ ಹೇಳ್ಲಿರಿ. ಹೇಳಿದ್ರ ಅಲ್ಲೇ ಕೊಂದು ಹಾಕತಿದ್ರು." ಸ್ವಲ್ಪ ಹೊತ್ತು ಉಸಿರು ಎಳೆದುಕೊಂಡ. ಆಮೇಲೆ ಕಣ್ಣು ತೆರೆದು ನೆಟ್ಟಗೆ ನನ್ನನ್ನೇ ನೋಡಿದ. "ತಾಟು ನಿಮ್ಮ ಕೈಯಾಗಿತ್ತಲ್ರಿ ಅಕ್ಕಾರ. ಬೀಳೂದಕ್ಕಿಂತ ಮೊದಲ ನೀವ್ಯಾಕ ಹೇಳ್ಲಿಲ್ಲ?"

ಆಟೋ ಗುಂಡಿಗೆ ಬಿದ್ದು ಎದ್ದಿತು.

"ರಕ್ತ ನುಂಗ್ಬೇಡ, ಹೊರಗೆ ಉಗುಳು" ಅಂದೆ.

ಅವನು ನನ್ನ ಕೈ ಹಿಡಿದು ಎದ್ದು, ಹೊರಗೆ ಬಾಗಿ ಉಗುಳಿದ.